ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ: ಕರುಳು, ಕಾಫಿ ಮತ್ತು ನನ್ನದೊಂದು ತಪ್ಪು



ಹೃದಯದ ಡಾಕ್ಟರು ಈ ವಾರ ಕರುಳಿನ ವಿಷಯಕ್ಕೆ ಯಾಕೆ ಬಂದರು ಎಂದು ಕೇಳುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಈ ಸರಣಿಯಲ್ಲಿ ನಾನೇ ಬರೆದ ಒಂದು ಲೇಖನದಲ್ಲಿ ಒಂದು ಮಾತು ಬಿಟ್ಟುಹೋಗಿತ್ತು. ಅದರಿಂದಾಗಿ ನಮ್ಮವರೇ ಒಬ್ಬರು ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಹಾಸನದ ಕಡೆಯ ಅಮ್ಮ. ಅರವತ್ತಾರು ವರ್ಷ. ಯಜಮಾನರು ಹೋದ ಮೇಲೆ ಮಗನ ಮನೆ ಎಂದು ವೇಳಚೇರಿಗೆ ಬಂದವರು. ಎದೆ ಡವಡವ ಎನ್ನುತ್ತದೆ, ರಾತ್ರಿ ನಿದ್ದೆ ಇಲ್ಲ, ಎರಡು ತಿಂಗಳಲ್ಲಿ ನಾಲ್ಕು ಕೆ.ಜಿ. ಇಳಿದಿದ್ದಾರೆ ಎಂದು ಸೊಸೆ ಕರೆದುಕೊಂಡು ಬಂದರು. ಕೈ ಹಿಡಿದು ನಾಡಿ ನೋಡಿದೆ. ನಿಮಿಷಕ್ಕೆ ನೂರ ಮೂವತ್ತು, ಅದೂ ತಾಳ ತಪ್ಪಿ. ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ಬರೀ ಅದುರುವ ಸ್ಥಿತಿ. ಹೀಗೆ ಅದುರುವಾಗ ಒಳಗೆ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು.

ರಕ್ತ ಪರೀಕ್ಷೆ ಬಂತು. ಟಿಎಸ್‌ಎಚ್ ಲೆಕ್ಕಕ್ಕೇ ಸಿಗದಷ್ಟು ಕೆಳಗೆ. ಮೈಯಲ್ಲಿ ಥೈರಾಯ್ಡ್ ಹಾರ್ಮೋನು ಅತಿಯಾಗಿದೆ ಎಂದರ್ಥ.

“ಅಮ್ಮ, ಥೈರಾಯ್ಡ್ ಮಾತ್ರೆ ಎಷ್ಟು ತಗೋತೀರಿ?”

“ನೂರೈವತ್ತು, ಡಾಕ್ಟ್ರೇ. ಒಂದು ವರ್ಷದಿಂದ ಅದೇ.”

“ಯಾರೂ ಡೋಸ್ ಹೆಚ್ಚು ಮಾಡಿಲ್ವಾ?”

“ಇಲ್ಲ. ಹೊತ್ತು ಮಾತ್ರ ಬದಲಾಯಿಸಿದೆ. ಮೊದಲೆಲ್ಲ ಬೆಳಗಿನ ಕಾಫಿ ಜೊತೆ ನುಂಗ್ತಿದ್ದೆ. ನೀವೇ ಬರೆದಿದ್ರಲ್ಲ, ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ತಗೋಬೇಕು ಅಂತ. ಇವಳು ಓದಿ ಹೇಳಿದಳು. ಅವತ್ತಿಂದ ಐದು ಗಂಟೆಗೆ ಎದ್ದು ತಗೋತಿದೀನಿ.”

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ.

ನಡೆದದ್ದು ಇಷ್ಟು. ಮೂರು ವರ್ಷ ಆ ತಾಯಿ ಮಾತ್ರೆಯನ್ನು ಗಟ್ಟಿ ಡಿಕಾಕ್ಷನ್ ಕಾಫಿಯ ಜೊತೆ ನುಂಗಿದ್ದರು. ತಿಂಡಿಯಾದ ತಕ್ಷಣ ಮೂಳೆಗೆಂದು ಕ್ಯಾಲ್ಸಿಯಂ ಮಾತ್ರೆ ಬೇರೆ. ಹಾರ್ಮೋನಿನ ದೊಡ್ಡ ಪಾಲು ಕರುಳಿನಿಂದ ರಕ್ತಕ್ಕೆ ಹೋಗುತ್ತಲೇ ಇರಲಿಲ್ಲ. ಪರೀಕ್ಷೆ ಮಾಡಿಸಿದಾಗಲೆಲ್ಲ ಟಿಎಸ್‌ಎಚ್ ಜಾಸ್ತಿ, ಅದನ್ನು ನೋಡಿದ ಡಾಕ್ಟರು ಡೋಸ್ ಏರಿಸಿದರು. ಎಪ್ಪತ್ತೈದಿದ್ದದ್ದು ನೂರಾಯಿತು, ನೂರಿಪ್ಪತ್ತೈದಾಯಿತು, ನೂರೈವತ್ತಾಯಿತು. ಐವತ್ತೈದು ಕೆ.ಜಿ. ತೂಕದ ಹೆಂಗಸಿಗೆ ಅಷ್ಟು ಬೇಕಾಗುವುದೇ ಅಪರೂಪ. ಆದರೂ ಪರವಾಗಿಲ್ಲ, ಕಾಫಿ ಅದರಲ್ಲಿ ತನ್ನ ಪಾಲು ತೆಗೆದುಕೊಳ್ಳುತ್ತಿತ್ತು, ಉಳಿದದ್ದು ಸರಿಹೋಗಿತ್ತು. ನನ್ನ ಲೇಖನ ಓದಿ ಕಾಫಿಯನ್ನು ಒಂದು ಗಂಟೆ ಮುಂದಕ್ಕೆ ಹಾಕಿ, ಕ್ಯಾಲ್ಸಿಯಂ ಅನ್ನು ರಾತ್ರಿಗೆ ಬದಲಾಯಿಸಿದ ದಿನದಿಂದ ನೂರೈವತ್ತೂ ಮೈಗೆ ಹತ್ತತೊಡಗಿತು.

ನಾನು ಬರೆದದ್ದು ಸುಳ್ಳಲ್ಲ. ಆದರೆ “ಹೊತ್ತು ಬದಲಾಯಿಸಿದರೆ ಆರರಿಂದ ಎಂಟು ವಾರದಲ್ಲಿ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ, ಡೋಸ್ ಇಳಿಸಬೇಕಾಗಬಹುದು” ಎಂಬ ಒಂದು ಸಾಲು ಸೇರಿಸಬೇಕಿತ್ತು, ಸೇರಿಸಿರಲಿಲ್ಲ. ಈ ಲೇಖನ ಆ ಸಾಲಿಗಾಗಿ. ಜೊತೆಗೆ, ನುಂಗಿದ್ದು ರಕ್ತ ಸೇರುವ ದಾರಿ ಹೇಗಿದೆ ಎಂದು ಒಮ್ಮೆ ತಿಳಿದುಕೊಂಡರೆ ಇಂಥ ಎಷ್ಟೋ ಸಂಗತಿ ನಿಮಗೇ ಹೊಳೆಯುತ್ತದೆ.

ಹೊಟ್ಟೆಯೊಳಗೆ ಹೋದದ್ದು ಮೈಯೊಳಗೆ ಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಬಾಯಿಯಿಂದ ಗುದದ ತನಕ ಇರುವುದು ಒಂದು ಉದ್ದದ ಕೊಳವೆ, ಅದರೊಳಗೆ ಇರುವುದು ಇನ್ನೂ ಹೊರಗಿನದೇ. ಮಗು ನುಂಗಿದ ನಾಣ್ಯ ಎರಡು ದಿನ ಬಿಟ್ಟು ಹಾಗೇ ಹೊರಗೆ ಬರುವುದಿಲ್ಲವೇ? ಅದು ಒಂದು ಕ್ಷಣಕ್ಕೂ ಮಗುವಿನ ಮೈ ಸೇರಿರಲಿಲ್ಲ. ಅನ್ನ ಮೈ ಸೇರುವುದು ಕರುಳಿನ ಒಳಗೋಡೆ ದಾಟಿದಾಗ. ಆ ಗೋಡೆ ಅಂದರೆ ಒಂದೇ ಒಂದು ಪದರ ಜೀವಕೋಶ. ನಮ್ಮ ಮನೆಬಾಗಿಲು ಅದೇ. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ತೀರ್ಮಾನಿಸುವುದೂ ಅಲ್ಲೇ. ಆ ಕೋಶಗಳ ಆಯಸ್ಸು ಮೂರರಿಂದ ಐದು ದಿನ. ಕಳೆದ ಭಾನುವಾರ ನಿಮ್ಮ ಊಟ ಹೀರಿಕೊಂಡ ಗೋಡೆ ಈ ಭಾನುವಾರ ಇರುವುದಿಲ್ಲ, ಹೊಸದು ಬಂದಿರುತ್ತದೆ.

ಸಣ್ಣಕರುಳಿನ ಒಳಮೈ ನುಣುಪಾಗಿಲ್ಲ. ಟರ್ಕಿ ಟವೆಲ್ಲಿನ ಹಾಗೆ ಸಣ್ಣ ಸಣ್ಣ ಎಳೆಗಳು ಎದ್ದು ನಿಂತಿರುತ್ತವೆ. ಅವಕ್ಕೆ ವಿಲ್ಲೈ ಎನ್ನುತ್ತೇವೆ. ಪ್ರತಿ ಎಳೆಯ ಮೇಲಿನ ಪ್ರತಿ ಕೋಶಕ್ಕೂ ಇನ್ನೂ ಸೂಕ್ಷ್ಮವಾದ ಕುಚ್ಚು. ಇದೆಲ್ಲ ಬಿಡಿಸಿ ಹಾಸಿದರೆ ಟೆನಿಸ್ ಕೋರ್ಟಿನಷ್ಟಾಗುತ್ತದೆ ಎಂಬ ಫಾರ್ವರ್ಡ್ ನಿಮಗೂ ಬಂದಿರುತ್ತದೆ, ನಾವೂ ಕಾಲೇಜಿನಲ್ಲಿ ಹಾಗೇ ಓದಿದ್ದು. 2014ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಮತ್ತೆ ಅಳೆದು ನೋಡಿ, ಸುಮಾರು 30 ಚದರ ಮೀಟರ್, ಅರ್ಧ ಬ್ಯಾಡ್ಮಿಂಟನ್ ಕೋರ್ಟಿನಷ್ಟು ಎಂದರು. ಚೆನ್ನೈಯಲ್ಲಿ ಒಂದು ದೊಡ್ಡ ಹಾಲ್ ಇದ್ದಹಾಗೆ ಅನ್ನಿ. ಅಷ್ಟು ಸಾಕು.

ಈ ಕೊಳವೆಯ ಎಲ್ಲ ಭಾಗಕ್ಕೂ ಒಂದೇ ಕೆಲಸವಲ್ಲ. ಹೊಟ್ಟೆ ದಾಟಿದ ಕೂಡಲೇ ಬರುವ ಡುವೋಡಿನಮ್‌ನಲ್ಲಿ ಕಬ್ಬಿಣ ಮತ್ತು ಕ್ಯಾಲ್ಸಿಯಂ. ನಡುವಿನ ಜೆಜುನಮ್‌ನಲ್ಲಿ ಸಕ್ಕರೆ, ಪ್ರೋಟೀನು, ಜಿಡ್ಡು, ಫೋಲಿಕ್ ಆಸಿಡ್. ಕೊನೆಯ ಇಲಿಯಮ್‌ನಲ್ಲಿ ಬಿ12 ಮತ್ತು ಪಿತ್ತರಸದ ಲವಣಗಳು. ದಿನಕ್ಕೆ ನಾವು ಕುಡಿಯುವುದು ಎರಡು ಲೀಟರ್ ಇರಬಹುದು, ಜೊಲ್ಲು, ಹೊಟ್ಟೆಯ ಆಮ್ಲ, ಪಿತ್ತರಸ ಎಲ್ಲ ಸೇರಿ ಎಂಟು ಒಂಬತ್ತು ಲೀಟರ್ ನೀರು ಕರುಳಿಗೆ ಇಳಿಯುತ್ತದೆ. ಹೊರಗೆ ಹೋಗುವುದು ಅರ್ಧ ಲೋಟವೋ ಒಂದು ಲೋಟವೋ. ಉಳಿದದ್ದೆಲ್ಲ ವಾಪಸ್.

ಗೋಡೆ ದಾಟಿದ ಮೇಲೆ ಎರಡು ದಾರಿ. ಅನ್ನದ ಸಕ್ಕರೆ, ಬೇಳೆಯ ಪ್ರೋಟೀನು ರಕ್ತನಾಳ ಹಿಡಿದು ನೇರ ಲಿವರಿಗೆ ಹೋಗುತ್ತವೆ. ಅಲ್ಲಿ ತಪಾಸಣೆ ಆಗದೆ ಮುಂದೆ ಬಿಡುವುದಿಲ್ಲ. ಜಿಡ್ಡಿನ ದಾರಿಯೇ ಬೇರೆ. ಬಿಸಿಬೇಳೆಬಾತಿನ ಮೇಲೆ ಹಾಕಿಕೊಂಡ ತುಪ್ಪ ಪಿತ್ತರಸದಲ್ಲಿ ಕರಗಿ, ಕೋಶದೊಳಗೆ ಹೊಕ್ಕು, ಸಣ್ಣ ಹನಿಗಳಾಗಿ ಲಿಂಫ್ ನಾಳ ಸೇರುತ್ತದೆ. ಆ ನಾಳ ಬೆನ್ನುಮೂಳೆಯ ಮುಂದಿನಿಂದ ಎದೆಯೊಳಗೆ ಏರಿ, ಎಡಗಡೆ ಕುತ್ತಿಗೆಯ ಬುಡದಲ್ಲಿ ದೊಡ್ಡ ರಕ್ತನಾಳಕ್ಕೆ ಸೇರಿಕೊಳ್ಳುತ್ತದೆ. ಅಲ್ಲಿಂದ ಹೃದಯ ಕೆಲವೇ ಅಂಗುಲ. ಅಂದರೆ ಅನ್ನ ಲಿವರನ್ನು ಕೇಳಿ ಬರುತ್ತದೆ, ತುಪ್ಪ ಮೊದಲು ಹೃದಯಕ್ಕೇ ಬರುತ್ತದೆ. ಮದುವೆ ಊಟವಾದ ಮೂರು ನಾಲ್ಕು ಗಂಟೆಗೆ ರಕ್ತ ತೆಗೆದರೆ ಅದರ ತಿಳಿ ಹಾಲಿನಂತೆ ಬೆಳ್ಳಗೆ ಮಂಜಾಗಿ ಕಾಣುವುದುಂಟು. ಎ, ಡಿ, ಇ, ಕೆ ವಿಟಮಿನ್‌ಗಳೂ ಇದೇ ಜಿಡ್ಡಿನ ಗಾಡಿ ಹತ್ತಿ ಬರುವುದರಿಂದ, ನಮ್ಮ ಅಜ್ಜಿಯರು ಸೊಪ್ಪಿನ ಹುಳಿಗೆ ಒಗ್ಗರಣೆ ತಪ್ಪಿಸುತ್ತಿರಲಿಲ್ಲ ಎಂಬುದಕ್ಕೆ ಒಂದು ಅರ್ಥವಿದೆ. ಹಾಗೆಂದು ಸೌಟು ತುಂಬ ಎಣ್ಣೆ ಬೇಕಿಲ್ಲ, ಒಂದು ಚಮಚ ಸಾಕು.

ಈ ಗೋಡೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಚೆನ್ನೈಯಲ್ಲೇ ಒಂದು ಕತೆ ಇದೆ.

ಬೆಂಗಳೂರಿನಿಂದ ರೈಲಿನಲ್ಲಿ ಬಂದು ಸೆಂಟ್ರಲ್‌ನಲ್ಲಿ ಇಳಿದು ಹೊರಗೆ ಬಂದರೆ ಎದುರಿಗೆ ದೊಡ್ಡ ಸರ್ಕಾರಿ ಆಸ್ಪತ್ರೆ ಕಾಣುತ್ತದಲ್ಲ, ಅದಕ್ಕೆ ಸೇರಿದ್ದು ಮದ್ರಾಸ್ ಮೆಡಿಕಲ್ ಕಾಲೇಜು. ನೂರು ವರ್ಷದ ಹಿಂದೆ ಅಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಎಂಬ ಭೀಮಾವರದ ಹುಡುಗ ಓದುತ್ತಿದ್ದ. ಹುಟ್ಟಿದ್ದು 1895ರಲ್ಲಿ. ಗಾಂಧೀಜಿಯ ಮಾತು ಕೇಳಿ ಖಾದಿ ತೊಟ್ಟು ಶಸ್ತ್ರಚಿಕಿತ್ಸೆಯ ಬ್ರಿಟಿಷ್ ಪ್ರೊಫೆಸರರ ಸಿಟ್ಟಿಗೆ ಗುರಿಯಾದದ್ದರಿಂದ ಎಂಬಿಬಿಎಸ್ ಸಿಗದೆ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸರ್ಟಿಫಿಕೇಟು ಕೊಟ್ಟು ಕಳಿಸಿದರು ಎಂಬುದು ಎಲ್ಲರೂ ಹೇಳುವ ಮಾತು. ಅದಕ್ಕಿಂತ ದೊಡ್ಡ ಏಟು ಮನೆಯಲ್ಲಿ ಬಿತ್ತು. ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಒಂದೇ ಕಾಯಿಲೆಗೆ ತೀರಿಕೊಂಡರು. ಸ್ಪ್ರೂ. ಉಂಡದ್ದು ಮೈಗೆ ಹತ್ತದೆ ಎಣ್ಣೆಯಂತೆ ಭೇದಿಯಾಗಿ ಹೋಗುವುದು, ನಾಲಿಗೆ ಕೆಂಪಗೆ ಹುಣ್ಣಾಗುವುದು, ರಕ್ತ ಕಡಿಮೆಯಾಗಿ ಮನುಷ್ಯ ಒಣಗುತ್ತ ಹೋಗುವುದು. ಅದೇ ರೋಗ ಸುಬ್ಬರಾವ್ ಅವರಿಗೂ ಬಂತು. ಮದ್ರಾಸಿನ ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿಯವರ ಔಷಧದಿಂದ ಅವರು ಚೇತರಿಸಿಕೊಂಡರು, ಮುಂದೆ ಅವರದೇ ಆಯುರ್ವೇದ ಕಾಲೇಜಿನಲ್ಲಿ ಪಾಠವನ್ನೂ ಮಾಡಿದರು.

ಆಯುರ್ವೇದದಲ್ಲಿ ಈ ಬಗೆಯ ಕಾಯಿಲೆಗೆ ಗ್ರಹಣಿ ಎಂಬ ಹೆಸರು. ಆಹಾರವನ್ನು ಹಿಡಿದಿಟ್ಟುಕೊಳ್ಳುವ ಕರುಳಿನ ಜಾಗಕ್ಕೂ ಅದೇ ಹೆಸರು. ಗ್ರಹಿಸುವುದು ಎಂಬ ಮಾತಿನ ಬಂಧು. ಹೆಸರಿಟ್ಟವರು ಕೆಡುವುದು ಎಲ್ಲಿ ಎಂದು ಸರಿಯಾಗಿಯೇ ನೋಡಿದ್ದರು ಎಂದು ನನಗೆ ಅನ್ನಿಸುತ್ತದೆ.

1922ರಲ್ಲಿ ಸುಬ್ಬರಾವ್ ಅಮೆರಿಕಕ್ಕೆ ಹಡಗು ಹತ್ತಿದರು. ಹಾರ್ವರ್ಡ್‌ನಲ್ಲಿದ್ದು, ಆಮೇಲೆ 1940ರಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿ ಸೇರಿದರು. ಅಷ್ಟರಲ್ಲಿ ಇನ್ನೊಂದು ಕಡೆಯಿಂದಲೂ ಎಳೆ ಹೊರಟಿತ್ತು. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಯ ಬಡ ಬಸುರಿಯರ ರಕ್ತಹೀನತೆ ಯೀಸ್ಟ್‌ನ ಸಾರ ತಿನ್ನಿಸಿದರೆ ವಾಸಿಯಾಗುತ್ತದೆ ಎಂದು ಕಂಡುಕೊಂಡಿದ್ದರು. ಸಾರದಲ್ಲಿ ಇದ್ದದ್ದು ಏನು ಎಂದು ಯಾರಿಗೂ ತಿಳಿದಿರಲಿಲ್ಲ. 1941ರಲ್ಲಿ ಟೆಕ್ಸಾಸ್‌ನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪು ಸೋಸಿ ಅಂಥದೇ ಒಂದು ವಸ್ತು ತೆಗೆದು, ಎಲೆಯಿಂದ ಬಂದದ್ದೆಂದು ಫೋಲಿಕ್ ಆಸಿಡ್ ಎಂದು ಹೆಸರಿಟ್ಟರು. ಅದನ್ನು ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಿ ಮಾತ್ರೆ ಮಾಡುವ ಹಾಗೆ ಮಾಡಿದ್ದು 1945ರಲ್ಲಿ, ಸುಬ್ಬರಾವ್ ಅವರ ತಂಡ. ಸ್ವಲ್ಪದರಲ್ಲೇ ಸ್ಪ್ರೂ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದರು. ನಾಲಿಗೆಯ ಹುಣ್ಣು ಮಾಯವಾಯಿತು, ರಕ್ತ ಏರಿತು. ಅಣ್ಣ ತಮ್ಮಂದಿರನ್ನು ತಿಂದ ರೋಗಕ್ಕೆ ಔಷಧ ಇಪ್ಪತ್ತಕ್ಕೂ ಹೆಚ್ಚು ವರ್ಷ ತಡವಾಗಿ, ಅವರದೇ ಕೈಯಿಂದ ಬಂತು. 1948ರಲ್ಲಿ, ಐವತ್ಮೂರನೇ ವಯಸ್ಸಿನಲ್ಲಿ ಸುಬ್ಬರಾವ್ ತೀರಿಕೊಂಡರು. ಇಂದು ಬಸುರಿ ಹೆಂಗಸರಿಗೆಲ್ಲ ಕೊಡುವ ಆ ಹಳದಿ ಮಾತ್ರೆಯ ಹಿಂದೆ ಇಷ್ಟಿದೆ.

ಇಲ್ಲೊಂದು ಸೂಕ್ಷ್ಮ. ಸೊಪ್ಪಿನಲ್ಲಿರುವ ಫೋಲಿಕ್ ಆಸಿಡ್‌ಗೆ ಉದ್ದನೆಯ ಬಾಲ ಇರುತ್ತದೆ. ಕರುಳಿನ ಕುಚ್ಚಿನ ಮೇಲಿರುವ ಕಿಣ್ವ ಆ ಬಾಲ ಕತ್ತರಿಸಿದ ಮೇಲೆ ಮಾತ್ರ ಅದು ಒಳಗೆ ಹೋಗಬಲ್ಲದು. ಕುಚ್ಚೇ ಸವೆದಿದ್ದರೆ ಎಷ್ಟು ಸೊಪ್ಪು ತಿಂದರೂ ವ್ಯರ್ಥ. ಮಾತ್ರೆಯಲ್ಲಿರುವುದಕ್ಕೆ ಬಾಲ ಇಲ್ಲ, ಹಾಗಾಗಿ ಹಾಳಾದ ಕರುಳಿನಲ್ಲೂ ತಕ್ಕಮಟ್ಟಿಗೆ ಹೋಗುತ್ತದೆ.

ಸ್ಪ್ರೂ ಅಲ್ಲಿಗೆ ಮುಗಿಯಲಿಲ್ಲ. 1960ರ ದಶಕದ ಆರಂಭದಲ್ಲಿ ವೆಲ್ಲೂರಿನ ಸುತ್ತಲ ಹಳ್ಳಿಗಳಲ್ಲಿ ಅದು ಸಾಂಕ್ರಾಮಿಕದಂತೆ ಹಬ್ಬಿತು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸೆಲ್ವಿನ್ ಬೇಕರ್, ವಿ.ಐ. ಮಥಾನ್ ಮೊದಲಾದವರು ಹಳ್ಳಿಗೇ ಹೋಗಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಆಗ ಕಂಡ ಒಂದು ಸಂಗತಿ ಇವತ್ತಿಗೂ ನನ್ನನ್ನು ಕಾಡುತ್ತದೆ: ರೋಗವೇ ಇಲ್ಲದ, ಗದ್ದೆಯಲ್ಲಿ ದುಡಿಯುವ ಗಟ್ಟಿ ಜನರ ಕರುಳಿನಲ್ಲೂ ವಿಲ್ಲೈ ಶೀತದೇಶದವರ ಹಾಗೆ ಉದ್ದ ಬೆರಳಿನಂತಿರದೆ, ಕುಳ್ಳಗೆ ಎಲೆಯಂತೆ ಅಗಲವಾಗಿದ್ದವು. ಹುಟ್ಟುವಾಗ ಹಾಗಿರುವುದಿಲ್ಲ. ಆ ಕಡೆಯಿಂದ ಉಷ್ಣದೇಶಕ್ಕೆ ಬಂದು ಇದ್ದವರಿಗೂ ಹೀಗೆ ಆದದ್ದುಂಟು, ವಾಪಸ್ ಹೋದ ಮೇಲೆ ಸರಿಹೋದದ್ದೂ ಉಂಟು. ನೀರು, ಕಕ್ಕಸು, ಪದೇ ಪದೇ ತಗಲುವ ಸಣ್ಣ ಸೋಂಕುಗಳು, ಇವು ಕರುಳಿನ ಗೋಡೆಯನ್ನು ಒಳಗಿಂದೊಳಗೇ ಸವೆಸುತ್ತವೆ. ಮಗು ಚೆನ್ನಾಗಿ ಉಣ್ಣುತ್ತದೆ ಆದರೆ ಬೆಳೆಯುತ್ತಿಲ್ಲ ಎನ್ನುವ ತಾಯಂದಿರು ತಟ್ಟೆಯನ್ನು ನೋಡಿದಷ್ಟೇ ನೀರಿನ ಕ್ಯಾನನ್ನೂ ನೋಡಬೇಕು.

ಅದೇ ವೆಲ್ಲೂರಿನವರು 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಇನ್ನೊಂದು ಸ್ವಾರಸ್ಯ ಬರೆದರು. ನಮ್ಮವರ ಸಣ್ಣಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾ ಬಿ12 ತಯಾರಿಸಬಲ್ಲವು ಎಂದು. ಸಸ್ಯಾಹಾರಿಗಳು ಇದನ್ನು ಓದಿ ನೆಮ್ಮದಿಯಿಂದ ಕುಳಿತರೆ ನಾನು ಒಪ್ಪುವುದಿಲ್ಲ. ನನ್ನ ಬಳಿ ಬರುವ ಸಸ್ಯಾಹಾರಿ ಕುಟುಂಬಗಳಲ್ಲಿ ಬಿ12 ಕಡಿಮೆ ಇರುವವರು ಬೇಕಾದಷ್ಟು. ದಿನವೂ ಹಾಲು ಮೊಸರು ಉಳ್ಳವರಿಗೆ ಒಂದಿಷ್ಟು ಸಿಗುತ್ತದೆ. ಆದರೆ ಅದು ಮೈ ಸೇರಲು ಹೊಟ್ಟೆಯಲ್ಲಿ ಆಮ್ಲ ಬೇಕು, ಹೊಟ್ಟೆಯೇ ಸ್ರವಿಸುವ ಒಂದು ಪ್ರೋಟೀನಿನ ಕೈ ಹಿಡಿದು ಇಲಿಯಮ್‌ನ ತನಕ ಹೋಗಬೇಕು. ವರ್ಷಗಟ್ಟಲೆ ಬೆಳಗಾದರೆ ಗ್ಯಾಸಿನ ಮಾತ್ರೆ ನುಂಗುವವರಿಗೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಈ ದಾರಿ ಕಷ್ಟವಾಗುತ್ತದೆ. ಅಂಗಾಲು ಜುಮುಜುಮು ಎಂದರೆ “ವಯಸ್ಸಾಯ್ತು” ಎಂದು ಸುಮ್ಮನಿರದೆ ಒಮ್ಮೆ ಬಿ12 ನೋಡಿಸಿ. ಹಾಂ, ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಎರಡು ಮಾತ್ರೆ ತಿನ್ನುತ್ತಿರುವವರು ಇದನ್ನು ಓದಿ ಗ್ಯಾಸಿನ ಮಾತ್ರೆ ನಿಲ್ಲಿಸಬೇಡಿ. ನಿಮಗೆ ಅದನ್ನು ಕೊಟ್ಟಿರುವುದು ಹೊಟ್ಟೆಯಲ್ಲಿ ರಕ್ತ ಸೋರದಿರಲಿ ಎಂದು. ಈ ಸಲ ಸಾಲು ಬಿಟ್ಟಿಲ್ಲ, ನೋಡಿ.

ಈಗ ಕಾಫಿ. ಮೈಲಾಪುರದಲ್ಲೋ ಮಾಂಬಲದಲ್ಲೋ ಇದ್ದುಕೊಂಡು ಕಾಫಿಯ ವಿರುದ್ಧ ಮಾತಾಡುವಷ್ಟು ಧೈರ್ಯ ನನಗಿಲ್ಲ, ನಾನೂ ಎರಡು ಲೋಟದವನು. ಆದರೆ ಕಾಫಿ ಚಹಾದಲ್ಲಿರುವ ಒಗರಿನ ಅಂಶ ಕರುಳಿನಲ್ಲಿ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತದೆ. 1983ರಲ್ಲಿ ಅಮೆರಿಕದಲ್ಲಿ ಹ್ಯಾಂಬರ್ಗರ್ ಊಟ ಕೊಟ್ಟು ಅಳೆದರು. ಜೊತೆಗೆ ಒಂದು ಲೋಟ ಕಾಫಿ ಕುಡಿದವರಲ್ಲಿ ಕಬ್ಬಿಣ ಹೀರುವುದು ಶೇ. 39 ಇಳಿಯಿತು, ಚಹಾ ಕುಡಿದವರಲ್ಲಿ ಶೇ. 64. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಏನೂ ಮಾಡಲಿಲ್ಲ, ಒಂದು ಗಂಟೆ ಆದ ಮೇಲೆ ಕುಡಿದದ್ದು ಮಾತ್ರ ಜೊತೆಗೆ ಕುಡಿದಷ್ಟೇ ತಡೆಯಿತು. ನಾವು ಮಾಡುವುದು ಇದನ್ನೇ: ಇಡ್ಲಿ ಮುಗಿಸಿ, ಕೈ ತೊಳೆದು, ಕಾಫಿ. ರಾಗಿ, ಕಾಳು, ಸೊಪ್ಪಿನ ಕಬ್ಬಿಣ ಮೊದಲೇ ಮೊಂಡು, ಸುಲಭವಾಗಿ ಒಳಗೆ ಹೋಗುವಂಥದ್ದಲ್ಲ. ಅದಕ್ಕೆ ನಿಂಬೆರಸ, ನೆಲ್ಲಿಕಾಯಿ ಜೊತೆಯಾದರೆ ದಾರಿ ಸಲೀಸು, ಕಾಫಿ ಜೊತೆಯಾದರೆ ದಾರಿ ಬಂದ್. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಕಾಫಿಯನ್ನು ತಿಂಡಿಗೆ ಒಂದು ಗಂಟೆ ಮೊದಲೇ ಮುಗಿಸಿಬಿಡಿ.

ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೊಂದು. ಒಂದು ಮಾತ್ರೆ ನುಂಗಿದರೆ ಲಿವರು ಹೆಪ್ಸಿಡಿನ್ ಎಂಬ ಹಾರ್ಮೋನು ಕಳಿಸಿ ಒಂದು ದಿನದ ಮಟ್ಟಿಗೆ ಕರುಳಿನ ಬಾಗಿಲು ಅರ್ಧ ಮುಚ್ಚಿಸುತ್ತದೆ. ಅದಕ್ಕೇ ದಿನ ಬಿಟ್ಟು ದಿನ ತೆಗೆದುಕೊಂಡರೆ ಪ್ರತಿ ಮಾತ್ರೆಯಿಂದ ಹೆಚ್ಚು ಸಿಗುತ್ತದೆ ಎಂದು 2017ರಲ್ಲಿ ಸ್ವಿಟ್ಜರ್ಲೆಂಡಿನವರು ತೋರಿಸಿದರು. ನಿಮ್ಮ ಡಾಕ್ಟರನ್ನು ಕೇಳಿ ನೋಡಿ. ಹೃದಯ ದುರ್ಬಲವಾಗಿರುವವರಲ್ಲಿ ಈ ಬಾಗಿಲು ಬಹುತೇಕ ಮುಚ್ಚಿಯೇ ಇರುತ್ತದೆ, ಮಾತ್ರೆ ಕೊಟ್ಟರೂ ಹತ್ತುವುದಿಲ್ಲ. ಅವರಿಗೆ ನಾವು ಕಬ್ಬಿಣವನ್ನು ಡ್ರಿಪ್‌ನಲ್ಲಿ ಕೊಡುತ್ತೇವೆ.

ಅಂಥವರ ಮನೆಯವರಿಗೆ ಒಂದು ಕಿವಿಮಾತು. ಹೃದಯ ಸೋತಾಗ ನೀರು ಕಾಲಿನಲ್ಲಿ ಮಾತ್ರ ತುಂಬುವುದಿಲ್ಲ, ಕರುಳಿನ ಗೋಡೆಯೂ ಊದಿಕೊಳ್ಳುತ್ತದೆ. ಹಸಿವಿಲ್ಲ, ಎರಡು ತುತ್ತಿಗೇ ಹೊಟ್ಟೆ ತುಂಬಿತು ಎನ್ನುತ್ತಾರೆ. ಮೂತ್ರ ಹೋಗಲು ಕೊಟ್ಟ ಮಾತ್ರೆಯೂ ಆ ಊದಿದ ಗೋಡೆಯಲ್ಲಿ ನಿಧಾನವಾಗಿ, ಏರುಪೇರಾಗಿ ಹೋಗುತ್ತದೆ. “ಮಾತ್ರೆ ತಪ್ಪಿಸಿಲ್ಲ, ಆದ್ರೂ ಊತ ಜಾಸ್ತಿ” ಎಂದು ಅಪ್ಪ ಹೇಳಿದರೆ ನಂಬಿ. ಆಸ್ಪತ್ರೆಗೆ ಕರೆತನ್ನಿ, ಅದೇ ಔಷಧವನ್ನು ಸೂಜಿಯಲ್ಲಿ ಕೊಟ್ಟರೆ ಕೆಲಸ ಮಾಡುತ್ತದೆ.

ಕರುಳನ್ನೇ ತಪ್ಪಿಸಿ ಹೋಗಬೇಕಾದ ಔಷಧಗಳೂ ಇವೆ. ಎದೆನೋವಿಗೆ ಕೊಡುವ ಸಾರ್ಬಿಟ್ರೇಟ್ ಅನ್ನು ನೀರು ಕುಡಿದು ನುಂಗಿ, “ಏನೂ ಆಗಲಿಲ್ಲ” ಎಂದು ಬಂದ ಮೇಷ್ಟರೊಬ್ಬರು ನನಗೆ ನೆನಪಿದ್ದಾರೆ. ನುಂಗಿದರೆ ಅದು ಲಿವರಿನ ಗೇಟು ದಾಟುವಷ್ಟರಲ್ಲಿ ಬಹುಪಾಲು ನಾಶವಾಗುತ್ತದೆ. ನಾಲಿಗೆ ಕೆಳಗೆ ಇಟ್ಟರೆ ಅಲ್ಲಿಂದಲೇ ರಕ್ತಕ್ಕೆ. ಕುಳಿತುಕೊಂಡೇ ಇಟ್ಟುಕೊಳ್ಳಿ, ಬಿ.ಪಿ. ಇಳಿದು ತಲೆ ಸುತ್ತಬಹುದು. ಹೃದಯಾಘಾತದ ಅನುಮಾನ ಬಂದಾಗ ಡಾಕ್ಟರು ಹೇಳುವ ಆಸ್ಪಿರಿನ್ ಅನ್ನು ಅಗಿದು ನುಂಗಬೇಕು, ಬೇಗ ಹೀರಲಿ ಎಂದು. ಮೊದಲು 108ಕ್ಕೆ ಫೋನ್ ಮಾಡಿ, ಆಮೇಲೆ ಮಿಕ್ಕದ್ದು.

ಒಆರ್‌ಎಸ್ ಬಗ್ಗೆ ಎರಡು ಮಾತು ಹೇಳದೆ ಬಿಡಲಾರೆ. ಕರುಳಿನಲ್ಲಿ ಸಕ್ಕರೆ ಒಂಟಿಯಾಗಿ ಬಾಗಿಲು ದಾಟುವುದಿಲ್ಲ, ಉಪ್ಪಿನ ಕೈ ಹಿಡಿದೇ ದಾಟುತ್ತದೆ, ಅವೆರಡರ ಹಿಂದೆ ನೀರು ಎಳೆದುಕೊಂಡು ಬರುತ್ತದೆ. ರಾಬರ್ಟ್ ಕ್ರೇನ್ ಇದನ್ನು 1960ರಲ್ಲಿ ಹೇಳಿದರು. ಕಾಲರಾದಲ್ಲಿ ಬೇರೆಲ್ಲ ಕೆಟ್ಟರೂ ಈ ಒಂದು ಬಾಗಿಲು ಕೆಡುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿ ಮುಗಿದಾಗ, ಕಲ್ಕತ್ತೆಯ ಡಾ. ದಿಲೀಪ್ ಮಹಾಲನಬಿಸ್ ಸಕ್ಕರೆ ಉಪ್ಪಿನ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಕ್ಕರೆ ಹೆಚ್ಚಾದರೆ ಭೇದಿ ಹೆಚ್ಚುತ್ತದೆ, ಅದಕ್ಕೇ ಹಣ್ಣಿನ ರುಚಿಯ ಡಬ್ಬದ ಪಾನೀಯಗಳು ಒಆರ್‌ಎಸ್ ಅಲ್ಲ. ಈ ಬಾಗಿಲಿನ ತಂಗಿಯೊಂದು ಕಿಡ್ನಿಯಲ್ಲಿದೆ. ಅದನ್ನು ಮುಚ್ಚುವ ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳನ್ನು ನಾವೀಗ ಹೃದಯ ದುರ್ಬಲರಾದವರಿಗೆ ಕೊಡುತ್ತೇವೆ. ಅದನ್ನೂ ಮೂತ್ರದ ಮಾತ್ರೆಯನ್ನೂ ತೆಗೆದುಕೊಳ್ಳುವವರಿಗೆ ಭೇದಿ ಶುರುವಾದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ, ಒಂದೆರಡು ದಿನ ನಿಲ್ಲಿಸಬೇಕಾಗಬಹುದು.

ಮತ್ತೆ ಆ ಅಮ್ಮನ ವಿಷಯ. ಕಾಫಿ ಥೈರಾಕ್ಸಿನ್ ಅನ್ನು ತಡೆಯುತ್ತದೆ ಎಂದು ಇಟಲಿಯ ವೈದ್ಯರು 2008ರಲ್ಲಿ ರೋಗಿಗಳಲ್ಲೇ ತೋರಿಸಿದ್ದರು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳೂ ಹಾಗೇ, ಅವಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ಅರವತ್ತು ದಾಟಿದವರಲ್ಲಿ ಟಿಎಸ್‌ಎಚ್ ತೀರಾ ಕೆಳಗಿದ್ದರೆ ಹತ್ತು ವರ್ಷದಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಬರುವ ಸಾಧ್ಯತೆ ಮೂರು ಪಟ್ಟು ಎಂದು 1994ರಲ್ಲೇ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಹೇಳಿತ್ತು. ನಾನು ಇವೆರಡನ್ನೂ ಓದಿದವನೇ.

ಡೋಸ್ ಎಪ್ಪತ್ತೈದಕ್ಕೆ ಇಳಿಸಿದೆವು. ನಾಡಿ ತಗ್ಗಿಸುವ ಮಾತ್ರೆ, ರಕ್ತ ಹೆಪ್ಪುಗಟ್ಟದಿರಲು ಇನ್ನೊಂದು. ಥೈರಾಕ್ಸಿನ್ ಮೈಯಿಂದ ಅರ್ಧ ಕರಗಲು ಒಂದು ವಾರ ಬೇಕು, ಹಾಗಾಗಿ ಕಾಯುವುದೊಂದೇ ದಾರಿ. ಏಳನೇ ವಾರ ಬಂದಾಗ ತಾಳ ತಾನಾಗಿಯೇ ಸರಿಹೋಗಿತ್ತು, ಟಿಎಸ್‌ಎಚ್ ಸರಿಯಾದ ಮಟ್ಟಕ್ಕೆ ಬಂದಿತ್ತು. ಕ್ಷಮಿಸಿ ಎಂದೆ. “ಅಯ್ಯೋ ಬಿಡಿ ಡಾಕ್ಟ್ರೇ, ಮೂರು ವರ್ಷ ಕಾಫಿಗೇ ಮಾತ್ರೆ ಕುಡಿಸಿದ್ದು ನಾನಲ್ವಾ” ಎಂದು ನಕ್ಕರು. ಸೊಸೆ ನಗಲಿಲ್ಲ. ಓದಿ ಹೇಳಿದವಳು ತಾನು ಎಂಬ ನೋವು ಆಕೆಯ ಮುಖದಲ್ಲಿ ಇನ್ನೂ ಇತ್ತು. ಅವರಿಗೂ ಇಲ್ಲಿಂದಲೇ ಹೇಳುತ್ತೇನೆ: ತಪ್ಪು ನಿಮ್ಮದಲ್ಲ ತಾಯಿ, ಬರೆದವನದು.

ಆ ಲೇಖನ ಓದಿ ಥೈರಾಯ್ಡ್ ಮಾತ್ರೆಯ ಹೊತ್ತು ಬದಲಾಯಿಸಿದವರು, ಇನ್ನೂ ರಕ್ತ ಪರೀಕ್ಷೆ ಮಾಡಿಸಿಲ್ಲವಾದರೆ ಈ ವಾರವೇ ಟಿಎಸ್‌ಎಚ್ ಮಾಡಿಸಿ ನಿಮ್ಮ ಡಾಕ್ಟರಿಗೆ ತೋರಿಸಿ. ಎದೆ ಡವಡವ, ಕೈ ನಡುಕ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಕಾಯದೆ ಇವತ್ತೇ ಹೋಗಿ. ಹೊತ್ತನ್ನು ಮತ್ತೆ ಕಾಫಿಗೆ ಬದಲಾಯಿಸಬೇಡಿ, ಡೋಸನ್ನೂ ನೀವೇ ಇಳಿಸಬೇಡಿ. ಆ ಹಳೆಯ ಲೇಖನವನ್ನು ಯಾರು ಯಾರಿಗೆ ಕಳಿಸಿದ್ದಿರೋ, ದಯವಿಟ್ಟು ಅವರಿಗೆಲ್ಲ ಇದನ್ನೂ ಕಳಿಸಿ.